ಬೇಸಿಗೆ ರಜೆಯಲ್ಲಿ ಮಕ್ಕಳ ಕನ್ನಡ ಓದು: ಮುಂಬಯಿ, ಪುಣೆ, ಗೋವೆಯ ಮನೆಗಳಿಗೆ

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಅಕ್ಷರ ಮರೆತಿರುವುದಿಲ್ಲ, ಓದಿನ ಓಟ ಕಳೆದುಕೊಂಡಿರುತ್ತಾರೆ. ಮಾರ್ಚ್‌ನಲ್ಲಿ ‘ಅಮ್ಮ ಪೇಟೆಯಿಂದ ಬಟ್ಟೆ ತಂದಳು’ ಎಂದು ಒಂದೇ ಉಸಿರಿಗೆ ಓದುತ್ತಿದ್ದ ಮಗು ‘ಬ… ಟ್ಟೆ’ ಎಂದು ತಡವರಿಸುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ, ಅರ್ಥ ಆಗುವುದಿಲ್ಲ, ಪುಸ್ತಕ ಬೇಸರವಾಗುತ್ತದೆ. ಇಂಗ್ಲಿಷಿನದೋ ಮರಾಠಿಯದೋ ಆದರೆ ಶಾಲೆಯೇ ಮತ್ತೆ ಹಳಿಗೆ ತರುತ್ತದೆ. ಮುಂಬಯಿ, ಪುಣೆ, ಗೋವೆಯ ಹೆಚ್ಚಿನ ಕನ್ನಡ ಮನೆಗಳ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವೇ ಇಲ್ಲ. ಮನೆಯಲ್ಲಿ ಬಿಟ್ಟುಹೋದದ್ದು ಬಿಟ್ಟೇಹೋಯಿತು.

ಮಹಾರಾಷ್ಟ್ರದ ಶಾಲೆಗಳಲ್ಲಿ ರಜೆ ಸುಮಾರಾಗಿ ಮೇ ಆರಂಭದಿಂದ ಜೂನ್ ಮಧ್ಯದವರೆಗೆ, ಗೋವೆಯಲ್ಲಿ ಜೂನ್ ಮೊದಲ ವಾರದವರೆಗೆ. ಬೋರ್ಡಿಗೆ ತಕ್ಕಂತೆ ಹೆಚ್ಚುಕಡಿಮೆ ಇದ್ದರೂ ಕೈಗೆ ಸಿಗುವುದು ಐದಾರು ವಾರ. ಅದರಲ್ಲಿ ಊರಿಗೆ ಹೋಗುವುದು, ಮದುವೆ, ಈಜು ಕ್ಲಾಸು ಎಲ್ಲ ಇರುತ್ತವೆ. ಹಾಗಾಗಿ ಇಲ್ಲಿ ಹೇಳುವ ಕ್ರಮ ದಿನಕ್ಕೆ ಇಪ್ಪತ್ತು ನಿಮಿಷದ್ದು, ನಾಲ್ಕರಿಂದ ಒಂಬತ್ತು ವರ್ಷದ ಮಕ್ಕಳಿಗೆ. ಸುಲಭದ ಪುಸ್ತಕ, ದಿನವೂ, ಪಕ್ಕದಲ್ಲಿ ಒಬ್ಬ ದೊಡ್ಡವರು: ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ಉಳಿದೆರಡು ಹೆಚ್ಚು ದಿನ ನಡೆಯುವುದಿಲ್ಲ.

ಮೊದಲ ದಿನ: ಮಗು ಎಲ್ಲಿದೆ ಎಂದು ನೋಡಿ

ಪುಸ್ತಕ ಕೊಳ್ಳುವ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಿ. ಮನೆಯಲ್ಲಿರುವ ಯಾವುದಾದರೂ ಮಕ್ಕಳ ಪುಸ್ತಕದಲ್ಲಿ ಸುಮಾರು 30 ಪದಗಳ ಒಂದು ತುಣುಕು ಆರಿಸಿ. ಮಗು ಗಟ್ಟಿಯಾಗಿ ಓದಲಿ, ನೀವು ತಿದ್ದಬೇಡಿ, ತಡೆದ ಪದಗಳನ್ನು ಮನಸ್ಸಿನಲ್ಲೇ ಎಣಿಸಿ. ಒಂದೆರಡು ಪದಕ್ಕೆ ತಡೆದರೆ ಆ ಪುಸ್ತಕ ಮಗು ತಾನೇ ಓದಿಕೊಳ್ಳಬಹುದಾದದ್ದು. ಮೂರು ನಾಲ್ಕಾದರೆ ಜೊತೆಗೆ ಕೂತು ಓದುವಂಥದ್ದು. ನಾಲ್ಕು ದಾಟಿದರೆ ಅದನ್ನು ನೀವು ಓದಿ ಹೇಳಿ. ಮಗುವಿನ ಕೈಗೆ ಕೊಡಬೇಡಿ.

ಇಂಗ್ಲಿಷ್ ಪುಸ್ತಕಗಳಿಗೆ ಹೇಳುವ ‘ಪುಟಕ್ಕೆ ಐದು ಬೆರಳು’ ಲೆಕ್ಕ, ಅಂದರೆ ತಡೆದ ಪದಕ್ಕೊಂದು ಬೆರಳು ಮಡಚಿ ಪುಟದಲ್ಲಿ ಐದಾದರೆ ಪುಸ್ತಕ ಕಷ್ಟದ್ದು ಎನ್ನುವುದು, ಕನ್ನಡಕ್ಕೆ ಸಡಿಲವಾಯಿತು. ‘ಹೋಗಬೇಕಾಗಿದ್ದರಿಂದ’ ನಮಗೆ ಒಂದೇ ಪದ, ಓದುವ ಮಗುವಿಗೆ ಅದು ನಾಲ್ಕು ಪದಗಳ ಕೆಲಸ. ಅಂಥ ಐದು ಪದ ಒಂದು ಪುಟದಲ್ಲಿ ತಡೆದರೆ ಕತೆ ಅಲ್ಲೇ ಮುಗಿಯಿತು.

ಹೆಚ್ಚಿನ ಮನೆಗಳಲ್ಲಿ ಈ ಪರೀಕ್ಷೆಯ ಫಲ ತಂದೆತಾಯಿಗೆ ಸ್ವಲ್ಪ ಮುಖಭಂಗದ್ದೇ. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುವ ಎಂಟು ವರ್ಷದ ಮಗಳು ಕನ್ನಡದಲ್ಲಿ ಒಂದನೇ ತರಗತಿಯ ಪುಸ್ತಕದ ಮಟ್ಟದಲ್ಲಿರಬಹುದು. ಅಲ್ಲಿಂದಲೇ ಶುರು ಮಾಡಿ. ‘ಇಷ್ಟು ದೊಡ್ಡವಳಾಗಿ ಇದನ್ನ ಓದ್ತೀಯಾ’ ಎಂಬ ಒಂದು ಮಾತು ಸಾಕು, ಮಗು ಮತ್ತೆ ಪುಸ್ತಕ ಮುಟ್ಟುವುದಿಲ್ಲ. ತಂಗಿಗೋ ತಮ್ಮನಿಗೋ ಓದಿ ಹೇಳುವ ನೆಪ ಒಡ್ಡಿದರೆ ದೊಡ್ಡ ಮಕ್ಕಳೂ ಚಿಕ್ಕ ಪುಸ್ತಕವನ್ನು ಸಂಕೋಚವಿಲ್ಲದೆ ಹಿಡಿಯುತ್ತಾರೆ.

ಅಕ್ಷರವೇ ಬಾರದಿದ್ದರೆ

ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮ ಹಿಡಿದರೆ 49 ಅಕ್ಷರ ಮುಗಿಯುವಷ್ಟರಲ್ಲಿ ರಜೆಯೂ ಮುಗಿಯುತ್ತದೆ, ಮಗು ಒಂದು ಪದವನ್ನೂ ಓದಿರುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, ಬೇರೆ ದಾರಿ ಹಿಡಿಯಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಕಲಿತ ಕೂಡಲೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಅನಂತರ ಜ, ವ, ಮ, ಬ, ನ. ಆಗ ಮರ, ವನ, ಜನ, ಬಸವ, ಮನ, ಗಜ ಸೇರಿಕೊಳ್ಳುತ್ತವೆ.

ಮನೆಯಲ್ಲಿ ಇದನ್ನು ಹೀಗೆ ಮಾಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಬೆಂಕಿಪೆಟ್ಟಿಗೆಯ ಅಳತೆಗೆ ಕತ್ತರಿಸಿ, ಒಂದೊಂದಕ್ಕೆ ಒಂದಕ್ಷರ ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ. ಪ್ರತಿ ಅಕ್ಷರಕ್ಕೂ ಎರಡು ಚೀಟಿ ಬೇಕು, ಇಲ್ಲದಿದ್ದರೆ ‘ಗರಗಸ’ ಜೋಡಿಸಲಾಗದು. ಐದಕ್ಷರಕ್ಕೆ ನಾಲ್ಕು ದಿನ. ಮೂರನೆಯ ಗುಂಪಿಗೆ ಹೋಗುವ ಮುಂಚೆ ಗುಣಿತದ ಎರಡು ಚಿಹ್ನೆ, ಆ ಮತ್ತು ಇ, ಕೊಟ್ಟುಬಿಡಿ. ‘ಮರ’ ‘ಮಾರ’ ಆಗುವುದು, ‘ಗರ’ ‘ಗಿರಿ’ ಆಗುವುದು ಮಕ್ಕಳಿಗೆ ಆಟ. ಪೂರ್ತಿ ಕಾಗುಣಿತವನ್ನು ಒಂದೇ ಪಟ್ಟಿಗೆ ಬಾಯಿಪಾಠ ಮಾಡಿಸುವುದು ಬೇಡ. ‘ಕ ಕಾ ಕಿ ಕೀ’ ರಾಗವಾಗಿ ಒಪ್ಪಿಸುವ ಮಗು ಪುಸ್ತಕದ ನಡುವೆ ‘ಕೀ’ ಕಂಡರೆ ಮನಸ್ಸಿನಲ್ಲೇ ಕ-ದಿಂದ ಎಣಿಸುತ್ತಾ ಬರುತ್ತದೆ.

ಈ ರಜೆಯಲ್ಲಿ ಹತ್ತು ಹದಿನೈದು ಅಕ್ಷರ, ನಾಲ್ಕು ಗುಣಿತ, ಅವುಗಳಿಂದಾಗುವ ಐವತ್ತು ಪದ ಬಂದರೆ ಧಾರಾಳವಾಯಿತು. ಒತ್ತಕ್ಷರ ದೀಪಾವಳಿ ರಜೆಗೆ ಇಡಿ.

ಪುಸ್ತಕ ಎಲ್ಲಿಂದ, ಎಷ್ಟು

ಓದಲು ಬರುವ ಮಗುವಿಗೆ ರಜೆಗೆ 12 ಪುಸ್ತಕ ಸಾಕು, ಹೆಚ್ಚೆಂದರೆ 15. ಅದರಲ್ಲಿ ಎಂಟು ಮಗುವಿನ ಮಟ್ಟಕ್ಕಿಂತ ಸುಲಭದವು, ಮೂರು ಸರಿಸಮ, ಒಂದೆರಡು ಮಾತ್ರ ಕಷ್ಟದವು. ಅವನ್ನು ಓದಿ ಹೇಳುವುದು ನಿಮ್ಮ ಪಾಲು. ಸಾಮಾನ್ಯವಾಗಿ ಮನೆಗೆ ಬರುವುದು ಇದಕ್ಕೆ ತಲೆಕೆಳಗು: ನೆಂಟರು ಕೊಟ್ಟ ದಪ್ಪ ರಟ್ಟಿನ ಪುರಾಣಕತೆಗಳು, ಸಣ್ಣ ಅಚ್ಚು, ಪುಟ ತುಂಬ ‘ಪರಾಕ್ರಮಶಾಲಿಯಾದ’, ‘ಸಿಂಹಾಸನಾಧೀಶ್ವರನಾದ’. ಅವು ಒಳ್ಳೆಯ ಪುಸ್ತಕಗಳೇ. ಏಳು ವರ್ಷದವರ ಸ್ವಂತ ಓದಿಗಲ್ಲ.

ಕೊಳ್ಳುವಾಗ ಅಕ್ಷರದ ಗಾತ್ರ ನೋಡಿ. ಕನ್ನಡದ ಒತ್ತು ಸಾಲಿನ ಕೆಳಗೆ ಸಣ್ಣದಾಗಿ ಕೂರುವುದರಿಂದ ಇಂಗ್ಲಿಷಿಗೆ ಸಾಕಾಗುವ ಅಚ್ಚು ಇಲ್ಲಿ ಸಾಲದು. ಆರು ವರ್ಷದವರಿಗೆ 20ರಿಂದ 24 ಪಾಯಿಂಟ್, ಎಂಟರವರಿಗೆ 16ರಿಂದ 18. ಸಾಲುಗಳ ನಡುವೆ ಮಗುವಿನ ಕಿರುಬೆರಳು ಇಟ್ಟರೆ ಮೇಲಿನ ಸಾಲಿನ ಒತ್ತು ಮುಚ್ಚಬಾರದು. ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ ಇದು.

ಊರಿಗೆ ಹೋಗುವವರು ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ದೊಡ್ಡ ಪುಸ್ತಕದಂಗಡಿಗಳಿಂದ ತರುವುದು ಸಲೀಸು. ಆದರೆ ಮೇ ಕೊನೆಗೆ ಕೈಗೆ ಬಂದ ಪುಸ್ತಕ ಈ ರಜೆಗೆ ಒದಗುವುದಿಲ್ಲ, ಮುಂದಿನದಕ್ಕಾಯಿತು. ಇಲ್ಲೇ, ಈಗಲೇ ಸಿಗುವ ದಾರಿಗಳು ಕೆಲವು ಇವೆ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ 2015ರಿಂದ ಇದೆ. ಕನ್ನಡ ಚಿತ್ರಪುಸ್ತಕಗಳು ಬೇಕಾದಷ್ಟಿವೆ, ಎಲ್ಲ ಉಚಿತ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಭಾಷೆ ‘ಕನ್ನಡ’ ಆರಿಸಿ, ಪಕ್ಕದಲ್ಲಿ ಹಂತ ಆರಿಸಿ. ಒಂದನೇ ಹಂತದ ಕತೆಗಳು ಕೆಲವೇ ಪದಗಳವು, ಎರಡನೆಯದರಲ್ಲಿ ವಾಕ್ಯಗಳು ಬೆಳೆಯುತ್ತವೆ, ಮೂರು ನಾಲ್ಕು ನಿರರ್ಗಳವಾಗಿ ಓದುವವರಿಗೆ. ಒಂದು ಎಚ್ಚರಿಕೆ: ಅಲ್ಲಿನ ಹಂತ ಕತೆಯ ಉದ್ದ, ಸರಳತೆ ನೋಡಿ ಮಾಡಿದ್ದು. ಒಂದನೇ ಹಂತದ ಪುಸ್ತಕದಲ್ಲೂ ‘ಸ್ವಾತಂತ್ರ್ಯ’ ಎದುರಾಗಬಹುದು. ಹತ್ತು ಪುಸ್ತಕ ತೆರೆದು ಒತ್ತಕ್ಷರ ಎಷ್ಟಿವೆ ಎಂದು ಕಣ್ಣಾಡಿಸಿ, ನಾಲ್ಕು ಆರಿಸಿ.

ಪುಣೆಯ ಬಾಲಭಾರತಿ ಮರಾಠಿಯ ಜೊತೆ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ, ಪಿಡಿಎಫ್ ಉಚಿತವಾಗಿ ಇಳಿಸಿಕೊಳ್ಳಬಹುದು. ಕನ್ನಡ ಮಾಧ್ಯಮದ ಮಕ್ಕಳಿಗೆ ಮುಂದಿನ ತರಗತಿಯ ಪುಸ್ತಕ ರಜೆಯಲ್ಲೇ ಮುಗಿಸುವ ಹುಚ್ಚು ಬೇಡ, ಜೂನ್‌ನಲ್ಲಿ ತರಗತಿಯಲ್ಲಿ ಕೂತು ಆಕಳಿಸುತ್ತಾರೆ. ಇಂಗ್ಲಿಷ್ ಮಾಧ್ಯಮದವರಿಗೆ ಮಾತ್ರ ಒಂದು, ಎರಡನೇ ತರಗತಿಯ ಕನ್ನಡ ಪುಸ್ತಕ ಅಕ್ಷರ ಹಂತಹಂತವಾಗಿ ಏರುವ ಒಳ್ಳೆಯ ಏಣಿ.

ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ, ಗೋವೆಯ ಕನ್ನಡ ಸಂಘಗಳು: ನಿಮಗೆ ಹತ್ತಿರದ್ದು ಯಾವುದೋ ಅಲ್ಲಿಗೆ ಹೋಗಿ ಮಕ್ಕಳ ಪುಸ್ತಕ ಎರವಲು ಸಿಗುತ್ತದೆಯೇ ಎಂದು ಕೇಳಿ. ಫೋನಿನಲ್ಲಿ ಕೇಳುವುದಕ್ಕಿಂತ ಮಗುವನ್ನೇ ಕರೆದುಕೊಂಡು ಹೋದರೆ ಬೀರು ತೆರೆಯುವ ಸಾಧ್ಯತೆ ಹೆಚ್ಚು. ಪಣಜಿಯ ಪಾಟ್ಟೋದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯದ ಮೂಲ 1832ರಷ್ಟು ಹಳೆಯದು. ಅಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ. ಬೇರೆ ಭಾಷೆಯ ಪುಸ್ತಕವಾದರೂ ಪರವಾಗಿಲ್ಲ, ಕಪಾಟಿನ ಮುಂದೆ ನಿಂತು ತಾನೇ ಆರಿಸುವ ಅಭ್ಯಾಸ ಯಾವ ಭಾಷೆಯಲ್ಲಿ ಬಂದರೂ ಲಾಭವೇ. ಡೊಂಬಿವಲಿ, ಮೀರಾ ರೋಡ್, ಪಿಂಪ್ರಿ, ವಾಸ್ಕೋದಂಥ ಕಡೆ ಒಂದೇ ಸೊಸೈಟಿಯಲ್ಲಿ ಮೂರು ನಾಲ್ಕು ಕನ್ನಡ ಮನೆಗಳಿರುತ್ತವೆ. ಮನೆಗೆ ನಾಲ್ಕು ಪುಸ್ತಕದಂತೆ ಕೂಡಿಸಿ ಪ್ರತಿ ಭಾನುವಾರ ಅದಲುಬದಲು ಮಾಡಿಕೊಂಡರೆ ಕೊಳ್ಳುವ ಖರ್ಚು ಕಾಲು ಭಾಗಕ್ಕಿಳಿಯುತ್ತದೆ.

ಕಾಮಿಕ್ಸ್ ಓದೇ ಅಲ್ಲ ಎನ್ನುವವರು ಇನ್ನೂ ಇದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಕೂತು 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿ ಎಷ್ಟು ಮಕ್ಕಳನ್ನು ಓದುಗರನ್ನಾಗಿಸಿದರು ಎಂದು ಅಂಥವರಿಗೆ ನೆನಪಿಸಬೇಕು. ಬಲೂನಿನೊಳಗಿನ ಚಿಕ್ಕ ವಾಕ್ಯ ತಡವರಿಸುವ ಮಗುವಿಗೆ ಹೇಳಿ ಮಾಡಿಸಿದಂತಿರುತ್ತದೆ.

ಪಿಡಿಎಫ್ ಪುಸ್ತಕವಾಗಬೇಕಾದರೆ

ಫೋನಿನಲ್ಲೇ ಓದಿಸಿದರೆ ಆಗದೇ? ಆಗುತ್ತದೆ, ಎರಡು ದಿನ. ಮೂರನೆಯ ದಿನ ಮೇಲಿಂದ ಒಂದು ನೋಟಿಫಿಕೇಶನ್ ಇಳಿಯುತ್ತದೆ, ಕತೆ ಮುಗಿದ ಮೇಲೆ ಫೋನ್ ವಾಪಸ್ ಕೇಳುವಾಗ ಜಗಳ. ಕಾಗದವೇ ವಾಸಿ.

ಎ4 ಹಾಳೆಯನ್ನು ಅಡ್ಡವಾಗಿ ಮಡಚಿದರೆ ಒಂದು ಹಾಳೆಗೆ ನಾಲ್ಕು ಪುಟ ಸಿಗುತ್ತವೆ. 12 ಪುಟದ ಕತೆಗೆ ಮೂರೇ ಹಾಳೆ. ಕಂಪ್ಯೂಟರಿನ ಪಿಡಿಎಫ್ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ‘ಬುಕ್‌ಲೆಟ್’ ಆರಿಸಿ, ಎರಡೂ ಬದಿ ಮುದ್ರಣಕ್ಕೆ ಹಾಕಿ, ಹಾಳೆ ತಿರುಗುವ ಅಂಚು ಎಂಬಲ್ಲಿ ‘ಶಾರ್ಟ್ ಎಡ್ಜ್’ ಎಂದಿಡಿ. ಇದನ್ನು ಮರೆತರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗಾಗಿ ಬರುತ್ತವೆ. ಜೆರಾಕ್ಸ್ ಅಂಗಡಿಯವರೂ ಇದನ್ನೇ ತಪ್ಪುವುದು, ಹಾಗಾಗಿ ಮೊದಲು ಒಂದು ಪ್ರತಿ ತೆಗೆಸಿ ನೋಡಿ. ಕೊನೆಯಲ್ಲಿ ಲೇಖಕರು, ಚಿತ್ರಕಾರರು, ಪರವಾನಗಿಯ ವಿವರದ ಪುಟಗಳಿರುತ್ತವೆ, ಅವೂ ಸೇರಿ ಒಟ್ಟು ಪುಟ ನಾಲ್ಕರಿಂದ ಭಾಗವಾಗದಿದ್ದರೆ ಕೊನೆಯಲ್ಲಿ ಖಾಲಿ ಪುಟ ಉಳಿಯುತ್ತದೆ. ಉಳಿಯಲಿ, ಮಗು ತನಗೆ ಬೇಕಾದ ಚಿತ್ರ ಬರೆದುಕೊಳ್ಳುತ್ತದೆ. ಮಡಿಕೆಯ ಮೇಲೆ ಎರಡು ಪಿನ್ನು ಹೊಡೆಯಲು ಸಾಮಾನ್ಯ ಸ್ಟೇಪ್ಲರ್ ಉದ್ದ ಸಾಲದಿದ್ದರೆ ದಬ್ಬಳದಿಂದ ಮೂರು ತೂತು ಮಾಡಿ ದಾರ ಹಾಕಿ.

ಅಡ್ಡ ಪುಟದ ಚಿತ್ರಪುಸ್ತಕಗಳು ಬುಕ್‌ಲೆಟ್‌ನಲ್ಲಿ ತೀರಾ ಚಿಕ್ಕದಾಗುತ್ತವೆ. ಅವನ್ನು ಹಾಳೆಗೆ ಒಂದೇ ಪುಟದಂತೆ ತೆಗೆಸಿ ಎಡ ಅಂಚಿಗೆ ಪಿನ್ನು ಹೊಡೆಯುವುದೇ ಸರಿ.

ದಿನದ ಇಪ್ಪತ್ತು ನಿಮಿಷ

ಹೊತ್ತು: ಮೇ ತಿಂಗಳ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾವ ಮಗುವನ್ನೂ ಕೆಳಗೆ ಆಡಲು ಬಿಡಲಾಗದು. ಮನೆಯಲ್ಲಿ ದೊಡ್ಡವರಿದ್ದರೆ ಊಟವಾದ ಅರ್ಧ ಗಂಟೆಗೆ ಓದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ರಾತ್ರಿ ಲೋಕಲ್ ಇಳಿದು ಬಂದವರಿಗೆ ತಾಳ್ಮೆ ಉಳಿದಿರುವುದಿಲ್ಲ. ಆಗ ಓದನ್ನು ಎರಡು ಮಾಡಿ: ಮಗು ಓದುವ ಭಾಗ ಬೆಳಗಿನ ಹಾಲಿನ ಹೊತ್ತಿಗೆ, ನೀವು ಓದಿ ಹೇಳುವ ಭಾಗ ರಾತ್ರಿ ಹಾಸಿಗೆಯಲ್ಲಿ.

ಜಾಗ: ಒಂದು ಕೋಣೆಯ ಮನೆಯಲ್ಲಿ ‘ಓದುವ ಮೂಲೆ’ ಎಂಬ ಆದರ್ಶ ಬೇಡ. ಟಿವಿಗೆ ಬೆನ್ನು ಹಾಕಿದ ಒಂದು ಚಾಪೆ ಸಾಕು, ಟಿವಿ ಆರಿಸಿದ್ದರೆ ಇನ್ನೂ ಒಳ್ಳೆಯದು. ಪುಸ್ತಕಗಳು ಬೀರುವಿನೊಳಗಿದ್ದರೆ ಇಲ್ಲದಂತೆಯೇ. ನಾಲ್ಕೈದನ್ನು ಬುಟ್ಟಿಯಲ್ಲಿ ಮುಖಪುಟ ಕಾಣುವಂತೆ ನಿಲ್ಲಿಸಿ ಮಗುವಿನ ಕೈಗೆಟುಕುವ ಎತ್ತರದಲ್ಲಿಡಿ. ಉಳಿದವನ್ನು ಬಚ್ಚಿಟ್ಟು ವಾರಕ್ಕೊಮ್ಮೆ ಬದಲಾಯಿಸಿ. ಎರಡು ವಾರದ ನಂತರ ಹೊರಬಂದ ಹಳೆಯ ಪುಸ್ತಕವನ್ನು ಮಕ್ಕಳು ಹೊಸದರಂತೆಯೇ ಹಿಡಿಯುತ್ತಾರೆ.

ಕ್ರಮ: ಮೊದಲ ಐದು ನಿಮಿಷ ನಿನ್ನೆ ಓದಿದ ಪುಟಗಳೇ. ಇದನ್ನು ಬಿಡಬೇಡಿ, ಓಟ ಬರುವುದು ಇಲ್ಲೇ. ನಿನ್ನೆ ಕೂಡಿಸಿ ಓದಿದ ಪದ ಇಂದು ಒಂದೇ ನೋಟಕ್ಕೆ ಸಿಗುತ್ತದೆ. ಅನಂತರ ಏಳೆಂಟು ನಿಮಿಷ ಹೊಸ ಪುಟ, ಕೊನೆಗೆ ಏಳೆಂಟು ನಿಮಿಷ ನೀವು ಕಷ್ಟದ ಪುಸ್ತಕ ಓದಿ ಹೇಳುವುದು, ಸ್ವಾರಸ್ಯದ ಜಾಗದಲ್ಲಿ ನಿಲ್ಲಿಸುವುದು. ನಾಲ್ಕೈದು ವರ್ಷದವರಿಗೆ ಹತ್ತು ನಿಮಿಷ ಓದಿ ಹೇಳುವುದಷ್ಟೇ. ಚೆನ್ನಾಗಿ ಓದುವ ಒಂಬತ್ತರವರು ಅರ್ಧ ಗಂಟೆ ಕೂತರೆ ಕೂರಲಿ, ಆದರೆ ಓದಿ ಹೇಳುವುದನ್ನು ಅವರಿಗೂ ನಿಲ್ಲಿಸಬೇಡಿ. ‘ಈಗ ನಿನಗೇ ಬರ್ತದಲ್ಲ’ ಎಂದು ನಿಲ್ಲಿಸಿದ ಮನೆಗಳಲ್ಲಿ ಓದು ಒಂಟಿ ಕೆಲಸವಾಗಿ ಬಿಡುತ್ತದೆ.

ಪಕ್ಕದಲ್ಲಿ ಕೂತು ಏನು ಮಾಡಬೇಕು

ಹೊಸ ಪುಟಕ್ಕೆ ಜೋಡಿ ಓದು ಒಳ್ಳೆಯದು. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಶುರು ಮಾಡಿ, ಮಗುವಿನ ವೇಗಕ್ಕೆ ನಿಮ್ಮದನ್ನು ಇಳಿಸಿ. ಒಬ್ಬನೇ ಓದುತ್ತೇನೆ ಅನ್ನಿಸಿದಾಗ ಮಗು ನಿಮ್ಮ ಕೈ ತಟ್ಟಲಿ, ನೀವು ಸುಮ್ಮನಾಗಿ. ಎಲ್ಲಾದರೂ ತಡೆದರೆ ಐದರವರೆಗೆ ಮನಸ್ಸಿನಲ್ಲಿ ಎಣಿಸಿ. ಆಗಲೂ ಬರದಿದ್ದರೆ ಪದವನ್ನು ಹೇಳಿಬಿಡಿ, ಮಗು ಅದನ್ನೊಮ್ಮೆ ಅನ್ನಲಿ, ಮತ್ತೆ ಇಬ್ಬರೂ ಒಟ್ಟಿಗೆ ಮುಂದೆ. ಅಕ್ಷರ ಬಿಡಿಸಿ ಪಾಠ ಮಾಡುವ ಹೊತ್ತು ಅದಲ್ಲ, ಕತೆ ಕಾಯುತ್ತಿರುತ್ತದೆ.

ಅರ್ಥ ಕೆಡದ ತಪ್ಪನ್ನು ಬಿಟ್ಟುಬಿಡಿ. ‘ಓಡಿದನು’ ಎಂದಿರುವಲ್ಲಿ ‘ಓಡಿದ’ ಎಂದರೆ ಮಗು ಅರ್ಥ ಹಿಡಿದೇ ಓದುತ್ತಿದೆ. ‘ಬೇಳೆ’ಯನ್ನು ‘ಬೆಳೆ’ ಎಂದರೆ ವಾಕ್ಯ ಮುಗಿಯಲು ಬಿಟ್ಟು, ‘ಸಾರಿಗೆ ಏನು ಹಾಕಿದಳಂತೆ?’ ಎಂದು ಕೇಳಿ.

ಈ ಬೆಳೆ-ಬೇಳೆ ತಪ್ಪು ನಮ್ಮ ಕಡೆಯ ಮಕ್ಕಳಿಗೆ ಸಹಜ. ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ ಮರಾಠಿಗೆ ಎ-ಏ ಎರಡಕ್ಕೂ ಒಂದೇ ಮಾತ್ರೆ, ಒ-ಓ ಎರಡಕ್ಕೂ ಒಂದೇ. ಹಾಗಾಗಿ ಕನ್ನಡದಲ್ಲಿ ದೀರ್ಘದ ಬಾಲ ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಒಂದು ವಾರ ಪುಸ್ತಕದ ಜೆರಾಕ್ಸ್ ಪ್ರತಿಯಲ್ಲಿ ಆ ಬಾಲಕ್ಕೆಲ್ಲ ಕೆಂಪು ಪೆನ್ಸಿಲ್ ಹಚ್ಚಲಿ. ಕೊಡು-ಕೋಡು, ತೊಡು-ತೋಡು, ಕೆರೆ-ಕೇರೆ ಜೋಡಿಗಳನ್ನು ಚೀಟಿಯಲ್ಲಿ ಬರೆದು ಆಡಿಸಿ.

ಒತ್ತಕ್ಷರದ್ದು ಇನ್ನೂ ದೊಡ್ಡ ತೊಡಕು. ದೇವನಾಗರಿಯಲ್ಲಿ ಅರ್ಧಾಕ್ಷರ ಮೊದಲು, ಪೂರ್ಣಾಕ್ಷರ ಅದರ ಪಕ್ಕಕ್ಕೆ. ಕಣ್ಣು ಎಡದಿಂದ ಬಲಕ್ಕೆ ಹೋದರಾಯಿತು. ಕನ್ನಡದಲ್ಲಿ ಪೂರ್ತಿಯಾಗಿ ಕಾಣುವ ಮೇಲಿನ ಅಕ್ಷರವೇ ಅರ್ಧ, ಚಿಕ್ಕದಾಗಿ ಕೆಳಗೆ ಕೂತದ್ದು ಪೂರ್ಣ. ಗುಣಿತದ ಚಿಹ್ನೆ ಮಾತ್ರ ಮೇಲಿನದಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೇ ‘ಶಕ್ತಿ’ಯನ್ನು ‘ಶಕಿತ’ ಎಂದೂ ‘ಆಸ್ತಿ’ಯನ್ನು ‘ಆಸಿತ’ ಎಂದೂ ಓದುತ್ತಾರೆ. ಅದು ಅಜಾಗರೂಕತೆಯಲ್ಲ, ಕಂಡದ್ದನ್ನೇ ಓದುತ್ತಿದ್ದಾರೆ. ‘ಮೇಲಿನದು ಅರ್ಧ, ಕೆಳಗಿನದು ಪೂರ್ತಿ, ಗುಣಿತ ಕೊನೆಗೆ’ ಎಂಬ ಮಾತನ್ನು ಆಟದಂತೆ ಹೇಳಿಕೊಡಿ. ಮೊದಲು ಅಮ್ಮ, ಅಕ್ಕ, ಬೆಲ್ಲ, ಕಟ್ಟೆಯಂಥ ತನ್ನದೇ ಒತ್ತು ಇರುವ ಪದಗಳು, ಅವು ಗಟ್ಟಿಯಾದ ಮೇಲೆ ಪುಸ್ತಕ, ಭಕ್ತ, ಆಮೇಲೆ ಗುಣಿತ ಸೇರಿದ ಶಕ್ತಿ, ಮಿತ್ರೆ. ಅರ್ಕಾವತ್ತು ಕೊನೆಗಿರಲಿ: ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರ ಕೊನೆಗೆ ಕೂತಿರುತ್ತದೆ, ‘ಸೂಯರ’ ಎಂದು ಕೇಳಿಬಂದರೆ ಅಚ್ಚರಿಪಡಬೇಡಿ. ಕೆಲವು ಪುಸ್ತಕಗಳು ರ ಬರೆದು ಕೆಳಗೆ ಯ ಒತ್ತು ಕೊಡುತ್ತವೆ, ಎರಡೂ ಒಂದೇ ಎಂದು ಒಮ್ಮೆ ತೋರಿಸಿ. ಕನ್ನಡ ಮಾಧ್ಯಮದ ಮಕ್ಕಳಿಗೂ ಒತ್ತಕ್ಷರ ಪೂರ್ತಿ ಪಳಗಲು ಮೂರು ನಾಲ್ಕನೇ ತರಗತಿ ಆಗುತ್ತದೆ.

ದ-ಧ-ಥ, ಪ-ಷ-ಫ, ಮ-ಯ, ರ-ಠ, ನ-ಸ ಗೊಂದಲ ಓದುತ್ತಾ ಹೋದಂತೆ ತಾನೇ ಕರಗುತ್ತದೆ. ಅದಕ್ಕೆ ಬೇರೆ ಅಭ್ಯಾಸ ಬೇಕಿಲ್ಲ. ಮರಾಠಿ ಓದುವ ಮಕ್ಕಳಿಗೆ ಳ, ಣ ಮೊದಲೇ ನಾಲಿಗೆಯಲ್ಲಿರುತ್ತವೆ ಎಂಬುದು ಲಾಭ.

ಮನೆಯ ಮಾತು, ಪುಸ್ತಕದ ಮಾತು

ಅಕ್ಷರ ಸರಿಯಾಗಿ ಕೂಡಿಸಿಯೂ ‘ಹಾಗಂದ್ರೇನು?’ ಎಂದು ಕೇಳುವ ಮಕ್ಕಳಿದ್ದಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಇರಬಹುದು, ಧಾರವಾಡ ಕಡೆಯ ‘ಹೋಗ್ತಾನ’ ಇರಬಹುದು, ಕುಂದಾಪುರದ ಕನ್ನಡ ಇರಬಹುದು. ಪುಸ್ತಕದ ‘ಹೋಗುತ್ತಾನೆ’ ಅವರಿಗೆ ಹೊರಗಿನ ಭಾಷೆ. ಪುಸ್ತಕವನ್ನು ಇದ್ದ ಹಾಗೇ ಓದಿ, ಮಾತನ್ನು ನಿಮ್ಮ ಮನೆಯ ಹಾಗೇ ಆಡಿ: ಒಂದು ಪುಟ ಪುಸ್ತಕದ ಕನ್ನಡದಲ್ಲಿ, ಅದರ ಬಗ್ಗೆ ಹರಟೆ ತುಳುವಿನಲ್ಲಿ. ಪ್ರತಿ ವಾಕ್ಯವನ್ನೂ ಅನುವಾದಿಸುತ್ತಾ ಹೋದರೆ ಮಗು ಪುಸ್ತಕದ ವಾಕ್ಯಕ್ಕೆ ಕಿವಿಗೊಡುವುದನ್ನೇ ಬಿಡುತ್ತದೆ, ಅನುವಾದಕ್ಕೆ ಕಾಯುತ್ತದೆ. ಹೊಸ ಪದ ಪುಟಕ್ಕೆ ಒಂದೆರಡನ್ನು ಓದುವ ಮುಂಚೆಯೇ ಚಿತ್ರ ತೋರಿಸಿ ಹೇಳಿಬಿಡುವುದು ಮೇಲು. ನೇಗಿಲು, ಕಣಜ, ಒರಳು ನೋಡಿರದ ಮಗು ಊರಿಗೆ ಹೋದಾಗ ಅವನ್ನು ಹುಡುಕಲಿ.

ಎಲ್ಲಿ ಕೆಡುತ್ತದೆ

ಬಹುಮಾನದಲ್ಲಿ. ಪುಸ್ತಕಕ್ಕೆ ಹತ್ತು ರೂಪಾಯಿ ಎಂದರೆ ಮಗು ಅತಿ ತೆಳ್ಳಗಿನದನ್ನು ಹುಡುಕುತ್ತದೆ, ಹಣ ನಿಂತ ದಿನ ಓದೂ ನಿಲ್ಲುತ್ತದೆ. ಓದಿದರೆ ಅರ್ಧ ಗಂಟೆ ಮೊಬೈಲ್ ಎಂಬುದು ಇನ್ನೂ ಕೆಟ್ಟ ವ್ಯಾಪಾರ. ಓದು ಕಷಾಯ, ಮೊಬೈಲ್ ಬೆಲ್ಲ ಎಂದು ನಾವೇ ಹೇಳಿಕೊಟ್ಟಂತೆ. ಏನಾದರೂ ಕೊಡಲೇಬೇಕೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೊಂದು ಗುರುತು ಹಾಕಲು ಬಿಡಿ. ಪುಟ ಎಣಿಸಬೇಡಿ, ದಿನ ಎಣಿಸಿ. ತಪ್ಪಿದ ದಿನಕ್ಕೆ ಮರುದಿನ ಎರಡರಷ್ಟು ಓದಿಸುವ ದಂಡವೂ ಬೇಡ.

ಪ್ರಶ್ನೆಗಳಲ್ಲೂ ಕೆಡುತ್ತದೆ. ಕತೆ ಮುಗಿದ ಕೂಡಲೇ ‘ನೀತಿ ಏನು?’ ಎಂದರೆ ಪರೀಕ್ಷೆ ಶುರುವಾಯಿತು. ‘ನಾಯಿ ಆಮೇಲೆ ಎಲ್ಲಿಗೆ ಹೋಗಿರಬಹುದು?’ ಎಂದು ಒಂದೇ ಒಂದು ಕೇಳಿ, ಉತ್ತರ ಬಾರದಿದ್ದರೆ ಬಿಟ್ಟುಬಿಡಿ. ಓದಿದ್ದನ್ನು ಕಾಪಿ ಬರೆಸುವವರಿಗೆ ಹೇಳುವುದಿಷ್ಟೇ: ಕೈಬರಹಕ್ಕೆ ಬೇರೆ ಹೊತ್ತು ಇಡಿ.

ಒಂದೇ ಪುಸ್ತಕವನ್ನು ಹನ್ನೊಂದನೆಯ ಸಲ ತಂದರೆ? ಓದಿ. ಅದು ಸೋಮಾರಿತನವಲ್ಲ. ಬೇಸರವಾಗುವುದು ನಿಮಗೆ ಮಾತ್ರ.

ನೆಂಟರೆದುರು ‘ಓದಿ ತೋರಿಸು’ ಎನ್ನುವ ಚಪಲವನ್ನು ತಂದೆತಾಯಿ ಅದುಮಿಡಬೇಕು. ಅಜ್ಜಿಗೆ ಓದುವುದು ಬೇರೆ ಮಾತು. ಊರಿನಲ್ಲಿರುವ ಅಜ್ಜಿಗೆ ವಾರಕ್ಕೆ ಎರಡು ಸಲ ವಿಡಿಯೋ ಕರೆಯಲ್ಲಿ ಒಂದು ಪುಟ ಓದಲಿ, ಚಿತ್ರ ತೋರಿಸಲಿ. ನಿಮ್ಮ ತೆರೆಯಲ್ಲಿ ಅಕ್ಷರ ಕನ್ನಡಿಯಂತೆ ತಿರುಗಿ ಕಂಡರೂ ಅಜ್ಜಿಗೆ ನೆಟ್ಟಗೇ ಕಾಣುತ್ತದೆ.

ಊರಿನ ದಾರಿಯಲ್ಲಿ

ಪ್ರಯಾಣದ ವಾರ ಪುಸ್ತಕ ಚೀಲದಲ್ಲೇ ಉಳಿಯುತ್ತದೆ ಎಂದುಕೊಂಡೇ ಹೊರಡಿ, ಎರಡೇ ಒಯ್ಯಿರಿ. ಘಾಟಿಯ ಬಸ್ಸಿನಲ್ಲಿ ಓದಿಸಿದರೆ ವಾಂತಿ ಗ್ಯಾರಂಟಿ. ರೈಲಿನಲ್ಲಿ ಮಾತ್ರ ಒಳ್ಳೆಯ ಆಟವೊಂದಿದೆ. ಕರ್ನಾಟಕದ ನಿಲ್ದಾಣಗಳ ಹಳದಿ ಫಲಕದಲ್ಲಿ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುತ್ತದೆ. ಮಗು ಮೊದಲು ಕನ್ನಡ ಓದಲಿ, ಸರಿಯೋ ತಪ್ಪೋ ಹಿಂದಿಯ ಸಾಲು ನೋಡಿ ತಾನೇ ತೀರ್ಮಾನಿಸಲಿ. ತಿದ್ದುವ ಕೆಲಸ ಫಲಕವೇ ಮಾಡುತ್ತದೆ.

ಹೊರಡುವ ಮುಂಚೆ ನಿಲ್ದಾಣಗಳ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಡಿ, ಕಂಡದ್ದಕ್ಕೆ ಗುರುತು ಹಾಕಲಿ. ಕೊಂಕಣ ರೈಲಿನಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಬಾರ್ಕೂರು, ಉಡುಪಿ. ಮುಂಬಯಿಯಿಂದ ರಾತ್ರಿಯ ಗಾಡಿಯಾದರೆ ಉತ್ತರ ಕನ್ನಡ ನಿದ್ದೆಯಲ್ಲೇ ದಾಟಬಹುದು, ಪಟ್ಟಿಯನ್ನು ಕುಂದಾಪುರದಿಂದ ಶುರು ಮಾಡಿ. ಪುಣೆಯಿಂದ ಮಿರಜ ದಾಟಿದ ಮೇಲೆ ಕುಡಚಿ, ರಾಯಬಾಗ, ಘಟಪ್ರಭಾ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಕೊನೆಯದರಲ್ಲಿ ಎರಡು ಒತ್ತು ಒಟ್ಟಿಗೆ. ವಾಸ್ಕೋದಿಂದ ಹೊರಟವರಿಗೆ ಕ್ಯಾಸಲ್‌ರಾಕ್‌ನಿಂದ ಕನ್ನಡ ಸಿಗುತ್ತದೆ.

ಊರಿನಲ್ಲಿ ಪುಸ್ತಕವನ್ನು ಒತ್ತಾಯಿಸಬೇಡಿ. ಅಂಗಡಿ ಬೋರ್ಡು, ಬಸ್ಸಿನ ಫಲಕ, ಯಕ್ಷಗಾನದ ಪೋಸ್ಟರು, ಜಾತ್ರೆಯ ಕರಪತ್ರ ಇವೆಲ್ಲ ಓದೇ. ಮೇ ಎಂದರೆ ಮದುವೆಗಳ ತಿಂಗಳು, ಅಜ್ಜನ ಮನೆಯ ಮೇಜಿನ ಮೇಲೆ ಲಗ್ನಪತ್ರಿಕೆಗಳ ರಾಶಿ. ಯಾರ ಮದುವೆ, ಎಲ್ಲಿ, ಊಟ ಎಷ್ಟು ಗಂಟೆಗೆ ಎಂದು ಹುಡುಕಿ ಹೇಳುವ ಕೆಲಸ ಮಗುವಿಗೆ ಕೊಡಿ. ಅಲಂಕಾರದ ಅಕ್ಷರಗಳಲ್ಲಿ ತಡೆದರೂ ಗುರುತಿರುವ ಹೆಸರು ಸಿಕ್ಕಿದಾಗ ಓದು ಮುಂದಕ್ಕೆ ಎಳೆಯುತ್ತದೆ.

ಜೂನ್ ಬಂದಾಗ

ಶಾಲೆ ಶುರುವಾಗುವ ವಾರ ಇಪ್ಪತ್ತು ನಿಮಿಷವನ್ನು ಹತ್ತಕ್ಕೆ ಇಳಿಸಿ, ಹೊಸ ಪುಟ ಬಿಟ್ಟು ಹಳೆಯದು ಮತ್ತು ಓದಿ ಹೇಳುವುದನ್ನು ಉಳಿಸಿಕೊಳ್ಳಿ. ಹೊಸ ತರಗತಿಯ ಗಡಿಬಿಡಿ ತಣ್ಣಗಾದ ಮೇಲೆ ವಾರಕ್ಕೆ ನಾಲ್ಕು ದಿನ ನಡೆದರೂ ಸಾಕು. ಮೊದಲ ದಿನ ಓದಿಸಿದ 30 ಪದಗಳ ತುಣುಕನ್ನೇ ಮತ್ತೊಮ್ಮೆ ಓದಿಸಿ ನೋಡಿ. ತಡೆದ ಪದ ಕಡಿಮೆಯಾಗದಿದ್ದರೂ ಓಟ ಬಂದಿದ್ದರೆ ರಜೆ ಕೆಲಸ ಮಾಡಿದೆ. ಓಟವೂ ಬಾರದಿದ್ದರೆ ಪುಸ್ತಕಗಳು ಕಷ್ಟದವಾಗಿದ್ದವು ಎಂದು ಅರ್ಥ, ಒಂದು ಹಂತ ಕೆಳಗಿನದು ತನ್ನಿ.

ಮುಂಬಯಿ, ಗೋವೆಯ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಿಂದ ತೆಗೆದು ಒಳಗೋಡೆಯ ಕಡೆಗೆ ಸರಿಸಿ, ಗೋಡೆಗೂ ಪುಸ್ತಕಕ್ಕೂ ನಾಲ್ಕು ಬೆರಳು ಜಾಗ ಬಿಡಿ, ಒತ್ತೊತ್ತಾಗಿ ತುರುಕಬೇಡಿ. ಚಿಕ್ಕ ಮಕ್ಕಳ ಕೈಗೆ ಸಿಗುವ ಬುಟ್ಟಿಯಲ್ಲಿ ನುಸಿಗುಳಿಗೆ ಹಾಕುವುದು ಅಪಾಯ. ಒಣಗಿಸಿದ ಬೇವಿನ ಎಲೆ ಸಾಕು, ತೇವ ಹೀರಿದಂತೆ ಬದಲಾಯಿಸಿ. ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಬೀಸಣಿಗೆಯಂತೆ ಬಿಡಿಸಿ ಕಿಟಕಿಯ ಬಳಿ ನಿಲ್ಲಿಸಲು ಮಗುವಿಗೇ ಹೇಳಿ. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ತಗಲುತ್ತದೆ, ಒಂದೊಂದನ್ನೂ ತೆರೆದು ಓದುತ್ತಾ ಕೂತಿರುತ್ತದೆ.